ಚೆನ್ನಪ್ಪ ಜಾರ್ ಬದಲಿಸಿಲ್ಲ

ನನ್ನ ಗಂಡನ ಹೆಸರು ಚೆನ್ನಪ್ಪ. ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಅಟೆಂಡರ್ ಆಗಿದ್ದರು. ಕಾಲೇಜಿನ ಹೆಸರು ಬರೆಯುವುದಿಲ್ಲ. ಹೆದರಿಕೆಯಿಂದ ಅಲ್ಲ, ಅಲ್ಲಿನ ಸಂಬಳದಲ್ಲಿ ನಮ್ಮ ಮಗಳು ದೊಡ್ಡವಳಾಗಿದ್ದಾಳೆ. ಡಾಕ್ಟರ ಹೆಸರು ಬರೆಯುತ್ತೇನೆ. ಪ್ರೇಮ್ ಡಾಕ್ಟರ್. ಅವರಿಂದ ನಮಗೆ ಏನೂ ಬಂದಿಲ್ಲ, ಒಂದು ನೋಟೀಸು ಬಿಟ್ಟು.

ನಾನು ಹೇಮಾಕ್ಷಿ. ಓದಿದ್ದು ಏಳನೇ ಕ್ಲಾಸು. ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಆರಿಸುತ್ತೇನೆ. ಬರೆದು ಅಭ್ಯಾಸ ಇಲ್ಲ. ಆದರೆ ಇದನ್ನು ಬೇರೆ ಯಾರಾದರೂ ಬರೆದರೆ ಮೆತ್ತಗೆ ಬರೆಯುತ್ತಾರೆ. ನನಗೆ ಮೆತ್ತಗೆ ಬೇಡ.

ಮದುವೆ ಮಾತಾಡಲು ಬಂದವರು ಹುಡುಗನಿಗೆ ಕಾಲೇಜಿನಲ್ಲಿ ಕೆಲಸ ಎಂದಷ್ಟೇ ಹೇಳಿದ್ದರು. ಮದುವೆಯಾಗಿ ಎರಡನೇ ವಾರ ನಾನೇ ಕೇಳಿದೆ, ನಿಮ್ಮ ಅಂಗಿಗೆ ಇದೆಂತ ವಾಸನೆ ಎಂದು. ಫಾರ್ಮಲಿನ್ ಎಂದರು. ಹೆಣ ಹಾಳಾಗದ ಹಾಗೆ ಇಡುವ ಮದ್ದು. ಮೂರು ದಿನ ನಾನು ಅವರಿಗೆ ದೂರ ನಿಂತು ಬಡಿಸಿದೆ. ಅವರು ಶಕ್ತಿನಗರದ ಮನೆಯ ಹಿಂದೆ ಒಂದು ತಗಡಿನ ಮರೆ ಕಟ್ಟಿ, ಅಲ್ಲೇ ಮಿಂದು, ಬಟ್ಟೆ ಬದಲಿಸಿ ಒಳಗೆ ಬರುವ ಕ್ರಮ ಮಾಡಿಕೊಂಡರು. ಆ ಕ್ರಮ ಕೊನೆಯವರೆಗೂ ಇತ್ತು.

ಅವರ ಕೆಲಸ ಏನೆಂದರೆ, ಬಂದ ದೇಹವನ್ನು ಇಳಿಸಿಕೊಳ್ಳುವುದು, ಟ್ಯಾಂಕಿಗೆ ಹಾಕುವುದು, ಕ್ಲಾಸಿನ ದಿನ ಎತ್ತಿ ಮೇಜಿನ ಮೇಲೆ ಇಡುವುದು. ಮತ್ತೆ ಮ್ಯೂಸಿಯಂನ ಜಾರುಗಳು. ಮಿದುಳು ಹಸಿಯಾಗಿರುವಾಗ ಗಂಜಿಯ ಹಾಗೆ, ಕೈಯಲ್ಲಿ ನಿಲ್ಲುವುದಿಲ್ಲ. ಅದರ ಅಡಿಯ ರಕ್ತನಾಳಕ್ಕೆ ದಾರ ಹಾಕಿ ಫಾರ್ಮಲಿನಿನಲ್ಲಿ ತೂಗುಬಿಡಬೇಕು. ತಳಕ್ಕೆ ತಾಗಿದರೆ ಒಂದು ಬದಿ ಚಪ್ಪಟೆಯಾಗುತ್ತದೆ. ಮೂರು ವಾರ ಬಿಟ್ಟರೆ ಗಟ್ಟಿ. ತೆಗೆದ ದಿನವೇ ತೂಕ ಮಾಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಅದೇ ನಂಬರನ್ನು ಪೆನ್ಸಿಲಿನಲ್ಲಿ ಒಂದು ಚೀಟಿಯ ಮೇಲೆ ಬರೆದು ದಾರಕ್ಕೆ ಕಟ್ಟಬೇಕು. ಪೆನ್ನಿನಲ್ಲಿ ಬರೆದರೆ ಕರಗಿ ಹೋಗುತ್ತದೆ. ಇವರು ಕಟ್ಟಿದ ಚೀಟಿ ಒಂದೂ ಬಿದ್ದದ್ದಿಲ್ಲ. ಡಾಕ್ಟರುಗಳೇ ಹೇಳುತ್ತಿದ್ದರು.

ನಮ್ಮ ಕಾರ್ಖಾನೆಯ ಮೇಸ್ತ್ರಿ ಒಮ್ಮೆ ಹೇಳಿದ, ಬೀಜ ಆರಿಸಲು ಹೆಂಗಸರೇ ಆಗಬೇಕು, ಅವರ ಮಿದುಳು ಸಣ್ಣ ಕೆಲಸಕ್ಕೆಂದೇ ಮಾಡಿದ್ದು, ಮೆಷಿನಿಗೆ ಗಂಡಸರೇ ಸರಿ ಎಂದು. ಮೆಷಿನಿನವರಿಗೆ ಕೂಲಿ ಜಾಸ್ತಿ. ನಾನು ಮನೆಗೆ ಬಂದು ಇವರನ್ನು ಕೇಳಿದೆ, ನೀವು ನೋಡಿದವರಲ್ಲವಾ, ಹೌದಾ ಎಂದು.

ಇವರು ಚಾ ಕೆಳಗಿಟ್ಟು ಹೇಳಿದರು. "ನಾನು ಇನ್ನೂರಕ್ಕಿಂತ ಜಾಸ್ತಿ ಮಿದುಳು ಕೈಯಲ್ಲಿ ಹಿಡಿದಿದ್ದೇನೆ. ಎಲ್ಲ ಒಟ್ಟು ಮಾಡಿ ತೂಗಿದ್ರೆ ಗಂಡಸರದ್ದು ಸ್ವಲ್ಪ ಜಾಸ್ತಿ ಬರ್ತದೆ, ಸುಳ್ಳು ಯಾಕೆ ಹೇಳುದು. ಗಂಡಸರ ಕೈಕಾಲೂ ದೊಡ್ಡದೇ ಅಲ್ವಾ. ಆದ್ರೆ ಒಂದನ್ನು ಕೈಯಲ್ಲಿ ಕೊಟ್ಟು ಇದು ಗಂಡಸಿನದ್ದಾ ಹೆಂಗಸಿನದ್ದಾ ಹೇಳು ಅಂದ್ರೆ, ನಂಗೆ ಚೀಟಿ ನೋಡ್ಬೇಕು."

ನನಗೆ ಅದು ಕೂಡಲೇ ಅರ್ಥವಾಯಿತು. ಕಾರ್ಖಾನೆಗೆ ಎರಡು ಕಡೆಯ ಬೀಜ ಬರುತ್ತದೆ. ಒಂದು ಕಡೆಯದ್ದು ಒಟ್ಟಾರೆ ದಪ್ಪ. ಆದರೆ ಎರಡನ್ನೂ ಮೇಜಿನ ಮೇಲೆ ಸುರಿದು, ಒಂದೇ ಒಂದು ಬೀಜ ಎತ್ತಿ ಇದು ಎಲ್ಲಿಯದ್ದು ಎಂದರೆ ಇಪ್ಪತ್ತು ವರ್ಷ ಆರಿಸಿದ ನನ್ನಿಂದಲೂ ಆಗುವುದಿಲ್ಲ. ಒಳಗೆ ಕಣ್ಣಿಗೆ ಕಾಣದ ವ್ಯತ್ಯಾಸ ಬೇರೆ ಇರಬಹುದು, ದೊಡ್ಡ ದೊಡ್ಡವರು ಮೆಷಿನ್ ಇಟ್ಟು ನೋಡುತ್ತಿದ್ದಾರೆ, ಅವರವರಲ್ಲೇ ಇನ್ನೂ ಜಗಳ ಮುಗಿದಿಲ್ಲ ಎಂದೂ ಇವರು ಹೇಳಿದರು.

ಆ ಮುಗಿಯದ ಜಗಳವನ್ನು ಪ್ರೇಮ್ ಡಾಕ್ಟರ್ ಪ್ರತಿ ವರ್ಷ ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದರು.

ಅವರ ಹತ್ತಿರ ಎರಡು ಜಾರ್ ಇತ್ತು. ಒಂದರಲ್ಲಿ ದೊಡ್ಡ ಮಿದುಳು, ಹೊರಗೆ 'ಗಂಡಸು' ಎಂದು ಲೇಬಲ್. ಇನ್ನೊಂದರಲ್ಲಿ ಸಣ್ಣದು, 'ಹೆಂಗಸು' ಎಂದು ಲೇಬಲ್. ಹೊಸ ಮಕ್ಕಳು ಬಂದ ವರ್ಷ ವರ್ಷವೂ ಇವರು ಆ ಎರಡು ಜಾರನ್ನು ಟ್ರೇಯಲ್ಲಿ ಕ್ಲಾಸಿಗೆ ಹೊತ್ತು ಕೊಡಬೇಕು. ಡಾಕ್ಟರ್ ಎರಡನ್ನೂ ತೋರಿಸಿ, ನೋಡಿ, ಕಣ್ಣಿಗೇ ಕಾಣುತ್ತದಲ್ಲ ಎನ್ನಬೇಕು. ಮಕ್ಕಳು ನಗಬೇಕು. ಅದು ಕ್ರಮ.

ಆ ಲೇಬಲ್ ಹಚ್ಚಿದ್ದು ಡಾಕ್ಟರೇ. ವಿಭಾಗ ಹೊಸ ಕಟ್ಟಡಕ್ಕೆ ಹೋದಾಗ ಹೊರಗಿನ ಹಳೇ ಲೇಬಲೆಲ್ಲ ಕಿತ್ತು ಹೋಗಿತ್ತು. ಇವರು, ಒಳಗಿನ ಚೀಟಿಯ ನಂಬರ್ ನೋಡಿ ರಿಜಿಸ್ಟರಿಗೆ ತಾಳೆ ಹಾಕುವ ಎಂದರು. ಅದನ್ನೆಲ್ಲ ನೋಡಬೇಕಾ, ಕಂಡರೆ ಗೊತ್ತಾಗುವುದಿಲ್ಲವಾ ಎಂದು ಡಾಕ್ಟರ್ ಅವರೇ ಅಂಟಿಸಿದರು. ಅಂಟಿಸಿದ್ದು ತಿರುಗ ಮುರುಗ. ದೊಡ್ಡ ಮಿದುಳು ಜೆಪ್ಪುವಿನ ಒಬ್ಬ ರಿಟೈರ್ಡ್ ಟೀಚರದ್ದು. ಮದುವೆಯಾಗದ ಹೆಂಗಸು, ತನ್ನ ದೇಹವನ್ನು ತಾನೇ ಬರೆದು ಕೊಟ್ಟವರು. ಅವರನ್ನು ಮನೆಯಿಂದ ತಂದದ್ದು ಇವರು ಮತ್ತು ಆಂಬುಲೆನ್ಸಿನ ಡ್ರೈವರ್ ಅದ್ದು. ಸಣ್ಣದು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ ಯಾರೋ ಅಜ್ಜನದ್ದು.

ಇವರು ಬಾಯಿ ಬಿಡಲಿಲ್ಲ. ಹತ್ತೊಂಬತ್ತು ವರ್ಷ. ಹೆದರಿಕೆ ಸ್ವಲ್ಪ. ತಮಾಷೆಯೂ ಸ್ವಲ್ಪ. ಆ ಕ್ಲಾಸಿದ್ದ ದಿನ ಮನೆಗೆ ಬಂದು ಮಿಂದು ಒಳಗೆ ಬಂದರೆ ನಾನು ಕೇಳುತ್ತಿದ್ದೆ, ಇವತ್ತು ಎಂತ ವಿಶೇಷ ಎಂದು. "ಟೀಚರ್ ಈ ವರ್ಷವೂ ಗಂಡಸಾದ್ರು" ಎನ್ನುತ್ತಿದ್ದರು. ನಾವಿಬ್ಬರೂ ನಗುತ್ತಿದ್ದೆವು. ನಮ್ಮ ಮನೆಯಲ್ಲಿ ಅಷ್ಟು ನಗು ಬೇರೆ ಯಾವುದಕ್ಕೂ ಬಂದದ್ದಿಲ್ಲ.

ಮಗಳು ಅಶ್ಮಿತಾ ಅದೇ ಕಾಲೇಜಿನಲ್ಲಿ ನರ್ಸಿಂಗ್ ಸೇರಿದಳು. ಆಗ ಇವರು ನನಗೆ ತಾಕೀತು ಮಾಡಿದರು, ಅವಳ ಹತ್ತಿರ ಇದನ್ನು ಹೇಳಬೇಡ ಎಂದು. ನಾನು ಹೇಳಿದೆ. ಒಂದು ಭಾನುವಾರ ಊಟಕ್ಕೆ ಕೂತಾಗ ನಗಿಸಲಿಕ್ಕೆಂದು ಹೇಳಿಬಿಟ್ಟೆ. ಅವಳು ನಗಲಿಲ್ಲ.

ಮರುವಾರವೇ ಪ್ರೇಮ್ ಡಾಕ್ಟರ್ ನರ್ಸಿಂಗಿನವರಿಗೆ ಆ ಜಾರ್ ತೋರಿಸಿದರು. ಹೆಣ್ಮಕ್ಕಳು ಚೀಟಿ ನೋಡಿ ಮದ್ದು ಕೊಡಲಿಕ್ಕೆ, ಗಂಡ್ಮಕ್ಕಳು ಚೀಟಿ ಬರೆಯಲಿಕ್ಕೆ, ಪ್ರಕೃತಿಯೇ ಹಾಗೆ ಇಟ್ಟಿದೆ ಎಂದರಂತೆ. ಅಶ್ಮಿತಾ ಎದ್ದು ನಿಂತು, ಸರ್, ದೊಡ್ಡದರ ಒಳಗಿನ ನಂಬರ್ ಓದಿ ಎಂದಳು. ಅವಳು ನನ್ನ ಹಾಗೆ, ಒಮ್ಮೆ ನಿಂತರೆ ಕೂರುವುದಿಲ್ಲ. ಓದಿದರು. ರಿಜಿಸ್ಟರ್ ಪ್ರಕಾರ ಆ ನಂಬರ್ ಯಾರದ್ದು ಎಂದು ಕೇಳಿದಳು, ಒಬ್ಬ ಟೀಚರಮ್ಮನದ್ದು ಎಂದು ತಾನೇ ಹೇಳಿದಳು. ಕ್ಲಾಸಿನಲ್ಲಿ ಎಪ್ಪತ್ತು ಮಕ್ಕಳು. ನಕ್ಕರು. ಈ ಸಲ ಡಾಕ್ಟರನ್ನು ನೋಡಿ ನಕ್ಕರು.

ಡಾಕ್ಟರ್ ಅಲ್ಲೇ ನಿಂತು ಹೇಳಿದರಂತೆ, ದೊಡ್ಡದು ಗಂಡಸಿನದ್ದೇ, ಅಟೆಂಡರ್ ಜಾರ್ ತೊಳೆಯುವಾಗ ಒಳಗಿನ ಚೀಟಿ ಬದಲಿಸಿದ್ದಾನೆ ಎಂದು.

ಅಂದರೆ ತನ್ನ ಕಣ್ಣು ತಪ್ಪಿರಬಹುದು ಎಂದು ಆ ಮನುಷ್ಯನಿಗೆ ಒಂದು ಗಳಿಗೆಯೂ ತೋಚಲಿಲ್ಲ. ಇಪ್ಪತ್ತೆಂಟು ವರ್ಷ ಚೀಟಿ ಕಟ್ಟಿದವನ ಕೈಯೇ ತಪ್ಪು.

ತನಿಖೆ ಮಾಡಿದ್ದು ಮೂರು ಜನ. ಮೂವರಲ್ಲಿ ಒಬ್ಬರು ಪ್ರೇಮ್ ಡಾಕ್ಟರೇ. ಇವರು ಕೇಳಿದ್ದು ಒಂದೇ, ಹಳೇ ರಿಜಿಸ್ಟರ್ ತೆಗೆಯಿರಿ, ಅದರಲ್ಲಿ ತೂಕವೂ ಉಂಟು, ಟೀಚರದ್ದು ದೊಡ್ಡದೋ ಸಣ್ಣದೋ ಅಲ್ಲೇ ಗೊತ್ತಾಗುತ್ತದೆ ಎಂದು. ರಿಜಿಸ್ಟರ್ ಸ್ಟೋರಿನಲ್ಲಿದೆ, ಹುಡುಕಬೇಕು ಎಂದರು. ಹುಡುಕುವ ಮೊದಲೇ ನೋಟೀಸು ಬಂತು. ಇವರನ್ನು ಮ್ಯೂಸಿಯಂನಿಂದ ತೆಗೆದು ಬಟ್ಟೆ ಒಗೆಯುವ ಕಡೆಗೆ ಹಾಕಿದರು.

ಸುದ್ದಿ ಕಾಲೇಜಿನಲ್ಲೇ ನಿಲ್ಲಲಿಲ್ಲ. ಬಾಯಿಂದ ಬಾಯಿಗೆ ಹೋಗುವಾಗ ಚೀಟಿ ಬಿಟ್ಟು, ಚೆನ್ನಪ್ಪ ಜಾರ್ ಬದಲಿಸಿದ ಎಂದಾಯಿತು. ಶಕ್ತಿನಗರದ ಬಸ್ಸಿನಲ್ಲಿ, ಹೋಟೆಲಿನಲ್ಲಿ ಇವರಿಗೆ ಒಂದು ಹೆಸರು ಬಿತ್ತು. 'ಗಂಡು ಹೆಣ್ಣು ಗೊತ್ತಾಗದ ಚೆನ್ನಪ್ಪ.' ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಯಾರೋ ಹಿಂದಿನಿಂದ, "ಚೆನ್ನಪ್ಪಣ್ಣ, ಪಕ್ಕದಲ್ಲಿ ಕೂತದ್ದು ಯಾರು ಹೇಳಿ ನೋಡುವ, ಗಂಡಾ ಹೆಣ್ಣಾ ಮಾರಾಯ್ರೆ" ಎಂದ. ಪಂಕ್ತಿ ಇಡೀ ನಕ್ಕಿತು. ಇವರು ಅರ್ಧ ಊಟದಲ್ಲಿ ಎದ್ದು ಬಂದರು. ಆಮೇಲೆ ಯಾರ ಮನೆಗೂ ಹೋಗಲಿಲ್ಲ. ಐದು ತಿಂಗಳು ಹಾಗೆ ಕಳೆಯಿತು. ಒಂದು ದಿನವಾದರೂ ನನ್ನನ್ನು, ಯಾಕೆ ಹೇಳಿದೆ ಎಂದು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಪಾಲು ನನಗೆ ಗೊತ್ತಿದೆ. ಅದನ್ನು ನಾನು ಹೊರುತ್ತೇನೆ. ಡಾಕ್ಟರ ಪಾಲನ್ನು ಡಾಕ್ಟರೇ ಹೊರಬೇಕು.

ಒಂದು ಶುಕ್ರವಾರ ಬೆಳಿಗ್ಗೆ ಇವರು ಹಲ್ಲುಜ್ಜುತ್ತಾ ಎದೆ ಹಿಡಿದು ಕೂತರು. ಅಲ್ಲೇ ಹೋದರು. ಹತ್ತಿರದ ಡಾಕ್ಟರ್ ಬಂದು ನೋಡಿ ಸರ್ಟಿಫಿಕೇಟು ಬರೆದು ಕೊಟ್ಟರು.

ಈಗ ಒಂದು ವಿಷಯ. ಇವರೂ ತಮ್ಮ ದೇಹವನ್ನು ಕಾಲೇಜಿಗೆ ಬರೆದು ಕೊಟ್ಟಿದ್ದರು. ಅಷ್ಟು ಜನರನ್ನು ಇಳಿಸಿಕೊಂಡವನು ತಾನು ಹೋಗದಿದ್ದರೆ ಮರ್ಯಾದೆ ಅಲ್ಲ ಎನ್ನುತ್ತಿದ್ದರು. ನೋಟೀಸು ಬಂದ ಮೇಲೂ ಆ ಕಾಗದ ಹರಿಯಲಿಲ್ಲ. ಹಾಗಾಗಿ ಅಶ್ಮಿತಾ ಅಳುತ್ತಲೇ ಕಾಲೇಜಿಗೆ ಫೋನು ಮಾಡಿದಳು.

ಅರ್ಧ ಗಂಟೆಯಲ್ಲಿ ನನಗೆ ಅದ್ದುವಿನ ಫೋನು ಬಂತು. "ಹೇಮಕ್ಕ, ನಾನೇ ಗಾಡಿ ತರ್ತೇನೆ. ಪ್ರೇಮ್ ಡಾಕ್ಟ್ರೂ ಬರ್ತಾರೆ. ಪೇಪರಿನವರನ್ನೂ ಕರ್ದಿದ್ದಾರೆ. ಅಟೆಂಡರ್ ತನ್ನ ಕಾಲೇಜಿಗೇ ದೇಹ ಕೊಟ್ಟ ಅಂತ ಫೋಟೋ ಹಾಕಿಸ್ತಾರಂತೆ."

ನಾನು ಬಾಗಿಲಿನಿಂದ ಇವರ ಮುಖ ನೋಡಿದೆ. ಇವರು ಸಣ್ಣ ಆಳು. ತಲೆಯೂ ಸಣ್ಣದು. ಗಾಡಿಯ ಹೆಲ್ಮೆಟು ಯಾವತ್ತೂ ಮೂಗಿಗೆ ಜಾರುತ್ತಿತ್ತು. ನನಗೆ ಕಂಡದ್ದು ಒಂದೇ. ಆ ಮನುಷ್ಯ ಇವರ ತಲೆ ತೆರೆದು, ಮಿದುಳು ಎತ್ತಿ, ಸಣ್ಣದಾಗಿ ಕಂಡರೆ ಕಣ್ಣಂದಾಜಿನಲ್ಲಿ 'ಹೆಂಗಸು' ಎಂದು ಲೇಬಲ್ ಹಚ್ಚುತ್ತಾನೆ. ಹಚ್ಚಿ ಮಕ್ಕಳಿಗೆ ತೋರಿಸುತ್ತಾನೆ. ಮಕ್ಕಳು ನಗುತ್ತಾರೆ.

ಇನ್ನೊಂದು ಮೆಡಿಕಲ್ ಕಾಲೇಜಿನ ನಂಬರ್ ಕೊಡಿ ಎಂದು ಅದ್ದುವನ್ನು ಕೇಳಿದೆ. ನಂಬರ್ ಹೇಳಿದರು, ನಾನು ಕೊಟ್ಟದ್ದು ಅಂತ ಗೊತ್ತಾಗುವುದು ಬೇಡ ಎಂದರು. ಅವರು ಈಗ ರಿಟೈರ್ ಆಗಿದ್ದಾರೆ, ಅದಕ್ಕೆ ಬರೆದೆ. ಆ ಕಾಲೇಜಿನಲ್ಲಿ ಫೋನು ಎತ್ತಿದವರು ನಜ್ಲಾ ಎಂಬ ಡಾಕ್ಟರ್. ಹೆಂಡತಿಯ ಒಪ್ಪಿಗೆ ಇದ್ದರೆ ಸಾಕು, ನಾವು ತೆಗೆದುಕೊಳ್ಳುತ್ತೇವೆ, ಗಾಡಿ ಹೊರಟರೆ ಮುಕ್ಕಾಲು ಗಂಟೆ ಎಂದರು.

ನಾನು ಮಗಳಿಗೂ ಹೇಳಲಿಲ್ಲ. ಒಮ್ಮೆ ಹೇಳಿ ಅನುಭವಿಸಿದ್ದು ಸಾಕಾಗಿತ್ತು.

ಪ್ರೇಮ್ ಡಾಕ್ಟರ್ ಮೊದಲು ಬಂದರು. ಬಿಳಿ ಅಂಗಿ, ಕೈಯಲ್ಲಿ ಹೂವಿನ ಚಕ್ರ. ಕ್ಯಾಮರದವನು ಅವರ ಹಿಂದೆ. ನಮ್ಮ ದಾರಿ ಅಗಲ ಕಿರಿದು, ಇಳಿಜಾರು, ಒಂದು ಗಾಡಿ ಹೊಕ್ಕರೆ ಇನ್ನೊಂದು ಬರುವಂತಿಲ್ಲ. ಅದ್ದು ಆಂಬುಲೆನ್ಸನ್ನು ಅಂಗಳದ ಎದುರು ನಿಲ್ಲಿಸಿ ಅದರೊಳಗೇ ಕೂತರು. ಅಂಗಳದಲ್ಲಿ ನಲ್ವತ್ತು ಐವತ್ತು ಜನ ಸೇರಿದ್ದರು. ಇವರ ಬಾಯಿಗೆ ನೀರು ಬಿಟ್ಟು ಆಗಿತ್ತು. ಡಾಕ್ಟರ್ ಹೂವು ಇಟ್ಟು ಕೈಮುಗಿದರು. ಫೋಟೋ ಆಯಿತು. ಇನ್ನು ಎತ್ತುವ ಎಂದರು.

ನಾನು ಅಡ್ಡ ನಿಂತೆ. ಇವರು ಜಾರ್ ಬದಲಿಸಿಲ್ಲ ಎಂದು ಇಷ್ಟು ಜನರ ಎದುರು ಹೇಳಿ, ಆಮೇಲೆ ನೋಡುವ ಎಂದೆ.

ಡಾಕ್ಟರ್ ಸುತ್ತ ನೋಡಿದರು. ಮೆಲ್ಲ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. "ನೋಡಿಯಮ್ಮಾ, ಇಂಥ ಹೊತ್ತಿನಲ್ಲಿ ಹೆಂಗಸರಿಗೆ ಭಾವನೆ ಮುಂದೆ ಬರ್ತದೆ, ವಿಚಾರ ಹಿಂದೆ ಉಳೀತದೆ. ನಿಮ್ಮ ತಪ್ಪಲ್ಲ, ಮೆದುಳಿನ ರಚನೆಯೇ ಹಾಗೆ. ಮನೆಯಲ್ಲಿ ಗಂಡಸರು ಯಾರಾದ್ರೂ ಇದ್ರೆ ಕರೀರಿ, ಮಾತಾಡುವ."

"ಒಬ್ಬರಿದ್ರು. ಅಲ್ಲಿ ಮಲಗಿದ್ದಾರೆ" ಎಂದೆ. "ಅವರ ತಲೆ ಸಣ್ಣದು, ಡಾಕ್ಟ್ರೇ. ನೀವು ತೆಗ್ದು ನೋಡುವಾಗ ಮಿದುಳೂ ಸಣ್ಣ ಕಂಡ್ರೆ ಯಾವ ಲೇಬಲ್ ಹಚ್ತೀರಿ?"

ಯಾರೂ ನಗಲಿಲ್ಲ. ಕ್ಯಾಮರ ಕೆಳಗಿಳಿಸಿದ್ದವನು ಪುನಃ ಮೇಲೆ ಎತ್ತಿದ.

ಅದು ಹಾಗಲ್ಲ, ಸರಾಸರಿ ಎಂದು ಒಂದು ಇದೆ ಎಂದು ಡಾಕ್ಟರ್ ಶುರು ಮಾಡಿದರು. ಸರಾಸರಿ ನನಗೆ ಗೊತ್ತುಂಟು, ಇವರು ಹೇಳಿ ಕೊಟ್ಟಿದ್ದಾರೆ, ಸರಾಸರಿಯನ್ನು ಜಾರಿನಲ್ಲಿ ಹಾಕಲಿಕ್ಕೆ ಆಗುವುದಿಲ್ಲ, ಜಾರಿನಲ್ಲಿ ಇರುವುದು ಒಬ್ಬರದ್ದೇ ಎಂದೆ. ಆಮೇಲೆ ಕೇಳಿದೆ. ಇದು ನಾನು ಮೊದಲೇ ಯೋಚಿಸಿದ್ದಲ್ಲ, ಬಾಯಿಗೆ ಬಂತು.

"ನೀವು ಆ ಹಳೇ ರಿಜಿಸ್ಟರ್ ನೋಡಿದ್ದೀರಾ?"

ಡಾಕ್ಟರ್ ಆಂಬುಲೆನ್ಸಿನ ಕಡೆ ತಿರುಗಿದರು. ನಾನು ಪುನಃ ಕೇಳಿದೆ. ಅಶ್ಮಿತಾ ನನ್ನ ಪಕ್ಕಕ್ಕೆ ಬಂದು ನಿಂತಳು.

"ನೋಡಿದ್ದೇನೆ" ಎಂದರು.

"ಯಾವಾಗ?"

"ನೋಟೀಸು ಕೊಟ್ಟ ಮರುದಿನ."

"ತೂಕ ಎಷ್ಟು ಬರೆದಿತ್ತು?"

"ದೊಡ್ಡದೇ" ಎಂದರು. "ಆ ಹೆಂಗಸಿನದ್ದೇ ದೊಡ್ಡದು."

ಐದು ತಿಂಗಳು. ಈ ಮನುಷ್ಯನಿಗೆ ಐದು ತಿಂಗಳಿನಿಂದ ಗೊತ್ತಿತ್ತು. ಇವರು ಪಂಕ್ತಿಯಿಂದ ಎದ್ದು ಬಂದ ದಿನ ಗೊತ್ತಿತ್ತು. ಒಗೆಯುವ ಕಡೆ ಸೋಪಿನ ನೀರಿನಲ್ಲಿ ಜಾರಿ ಬಿದ್ದು ಮೊಣಕೈ ಒಡೆದುಕೊಂಡ ದಿನವೂ ಗೊತ್ತಿತ್ತು. ನನಗೆ ಅವರನ್ನು ಹೊಡೆಯಬೇಕು ಎನಿಸಿತು. ಅಂಗಳದ ಮೂಲೆಯಲ್ಲಿ ಕಸ ಗುಡಿಸುವ ಹಿಡಿಸೂಡಿ ಇತ್ತು. ನಾನು ಅದನ್ನು ನೋಡಿದೆ, ಅವರೂ ಅದನ್ನೇ ನೋಡಿದರು. ಆದರೆ ಹೊಡೆದರೆ ನಾಳೆ ಪೇಪರಿನಲ್ಲಿ ಬರುವುದು ನನ್ನ ಹುಚ್ಚು, ಇವರ ಹೆಸರಲ್ಲ.

ಅಷ್ಟರಲ್ಲಿ ನನ್ನ ಫೋನು ಬಡಿಯಿತು. ನಜ್ಲಾ ಡಾಕ್ಟರ್. ನಂತೂರಿನಲ್ಲಿ ಲಾರಿ ಅಡ್ಡ ನಿಂತಿದೆ, ಇನ್ನೂ ಇಪ್ಪತ್ತು ನಿಮಿಷ ಆಗಬಹುದು ಎಂದರು. ಆಗಲಿ, ಅವಸರ ಇಲ್ಲ ಎಂದೆ.

ಅಶ್ಮಿತಾಳ ಹತ್ತಿರ ಕಾಗದ, ಪೆನ್ನು ತರಿಸಿದೆ. ಬರೆದು ಕೊಡಿ ಎಂದೆ. ಡಾಕ್ಟರ್ ದೂರ ಹೋಗಿ ಯಾರಿಗೋ ಫೋನು ಮಾಡಿದರು. ದೊಡ್ಡವರಿಗೆ ಇರಬೇಕು. ಫೋಟೋ ಆಗಿದೆ, ಪೇಪರಿಗೆ ಹೇಳಿ ಆಗಿದೆ, ಬರಿಗೈಯಲ್ಲಿ ಬರಬೇಡ ಎಂದಿರಬೇಕು. ತಿರುಗಿ ಬಂದು ಇಂಗ್ಲಿಷಿನಲ್ಲಿ ಶುರು ಮಾಡಿದರು. ಕನ್ನಡದಲ್ಲಿ ಬರೆಯಿರಿ, ನಾನು ಓದಬೇಕು ಎಂದೆ. ಏಳನೇ ಕ್ಲಾಸಿನವಳು ಇದನ್ನು ತೆಗೆದುಕೊಂಡು ಎಂತ ಮಾಡಿಯಾಳು ಎಂದು ಅವರಿಗೆ ಕಂಡಿರಬಹುದು. ನಮ್ಮ ಜಗಲಿಯಲ್ಲಿ ಕೂತು ಮೊಣಕಾಲ ಮೇಲೆ ಇಟ್ಟುಕೊಂಡು ಬರೆದರು.

'ಜಾರಿನ ಮೇಲೆ ಗಂಡಸು, ಹೆಂಗಸು ಎಂಬ ಲೇಬಲ್ ಹಚ್ಚಿದವನು ನಾನು. ಕಣ್ಣಂದಾಜಿನಲ್ಲಿ ಹಚ್ಚಿದೆ. ಅದು ತಪ್ಪಾಗಿತ್ತು. ಚೆನ್ನಪ್ಪ ಜಾರ್ ಬದಲಿಸಿಲ್ಲ. ಚೀಟಿ ಬದಲಿಸಿಲ್ಲ. ರಿಜಿಸ್ಟರ್ ನೋಡಿದ ಮೇಲೂ ನಾನು ಇದನ್ನು ಯಾರಿಗೂ ಹೇಳಲಿಲ್ಲ.'

ಕೆಳಗೆ ಸೈನು, ತಾರೀಕು.

ನಾನು ಒಂದೊಂದೇ ಅಕ್ಷರ ಓದಿದೆ. ಮೆಲ್ಲ ಓದಿದೆ. ಎರಡು ಸಲ ಓದಿದೆ. ಜನ ಕಾದರು, ಡಾಕ್ಟರ್ ವಾಚು ನೋಡಿದರು. ಮೂರನೇ ಸಲ ಜೋರಾಗಿ, ಅಂಗಳಕ್ಕೆಲ್ಲ ಕೇಳುವ ಹಾಗೆ ಓದಿದೆ. ಮದುವೆ ಮನೆಯಲ್ಲಿ ತಮಾಷೆ ಮಾಡಿದವನೂ ಅಲ್ಲಿದ್ದ. ಅವನು ತಲೆ ತಗ್ಗಿಸುವವರೆಗೆ ಅವನನ್ನೇ ನೋಡುತ್ತಾ ಓದಿದೆ. ಆಮೇಲೆ ಕಾಗದ ಮಡಚಿ ರವಿಕೆಯೊಳಗೆ ಇಟ್ಟೆ.

ಆಯಿತಲ್ಲ, ಇನ್ನು ಎತ್ತುವ ಎಂದರು ಡಾಕ್ಟರ್.

"ಇಲ್ಲ. ನಿಮಗೆ ಕೊಡುದಿಲ್ಲ" ಎಂದೆ.

ನೀವು ಮಾತು ಕೊಟ್ಟಿದ್ದಿರಿ ಎಂದರು. ನಾನು ನೋಡುವ ಎಂದದ್ದು, ನೋಡಿದೆ ಎಂದೆ. ಮೋಸ ಎಂದರು. ಹೌದು, ಮೋಸವೇ. ಅಲ್ಲ ಎಂದು ನಾನು ಅಲ್ಲಿಯೂ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಅಪ್ಪ ಬರೆದು ಕೊಟ್ಟದ್ದಮ್ಮಾ ಎಂದು ಅಶ್ಮಿತಾ ನನ್ನ ಕೈ ಹಿಡಿದಳು. ಆಗಲೇ ದಾರಿಯ ಮೇಲಿನ ತಿರುವಿನಲ್ಲಿ ಹಾರ್ನ್ ಕೇಳಿತು. ಇನ್ನೊಂದು ಆಂಬುಲೆನ್ಸ್. ಅದರ ಮೈಮೇಲೆ ಬೇರೆ ಕಾಲೇಜಿನ ಹೆಸರು. ಅಶ್ಮಿತಾ ಅದನ್ನು ಓದಿದಳು, ನನ್ನ ಮುಖ ನೋಡಿದಳು, ಕೈ ಬಿಟ್ಟಳು.

ಗಾಡಿ ತೆಗೆಯಬೇಡ ಎಂದು ಡಾಕ್ಟರ್ ಅದ್ದುವಿಗೆ ಕೂಗಿ ಹೇಳಿದರು. ಅದ್ದುವಿಗೆ ಕೇಳಲಿಲ್ಲವೋ ಏನೋ. ರಿವರ್ಸ್ ಹಾಕಿದರು. ಒಂದು ಬದಿ ಚರಂಡಿ, ಒಂದು ಬದಿ ಕಲ್ಲಿನ ಗೋಡೆ, ಅಂಥಾ ಇಳಿಜಾರಿನಲ್ಲಿ ಎಲ್ಲಿಯೂ ತಾಗಿಸದೆ ಹಿಂದಕ್ಕೆ ಇಳಿಸಿ ಕೆಳಗಿನ ಮನೆಯ ಗೇಟಿನ ಒಳಗೆ ನಿಲ್ಲಿಸಿದರು. ಇನ್ನೊಂದು ಗಾಡಿ ಬಂತು. ನಜ್ಲಾ ಡಾಕ್ಟರ್ ಇಳಿದು, ಚಪ್ಪಲಿ ಬಿಟ್ಟು ಅಂಗಳಕ್ಕೆ ಬಂದರು. ಕಾಗದಕ್ಕೆ ನನ್ನ ಸೈನು ತೆಗೆದುಕೊಂಡರು. ಪ್ರೇಮ್ ಡಾಕ್ಟರಿಗೆ ನಮಸ್ಕಾರ ಸರ್ ಎಂದರು. ಅವರು ತಾವು ತಂದ ಹೂವಿನ ಚಕ್ರವನ್ನು ವಾಪಸು ತೆಗೆದುಕೊಳ್ಳುವುದಾ ಬಿಡುವುದಾ ಎಂದು ಗೊತ್ತಾಗದೆ ನಿಂತಿದ್ದರು. ಕೊನೆಗೆ ಬಿಟ್ಟು ಹೋದರು. ನಾನು ಅದನ್ನು ಚರಂಡಿಗೆ ಹಾಕಿದೆ.

ನಮ್ಮಲ್ಲಿ ಹದಿಮೂರನೇ ದಿನ ಬೊಜ್ಜ, ಅಂದರೆ ಉತ್ತರಕ್ರಿಯೆ ಮಾಡುತ್ತಾರೆ. ಅದಕ್ಕೆ ಕಾರ್ಡು ಹಂಚುವ ಕ್ರಮ ಇದೆ. ಮುಂದೆ ಹೋದವರ ಫೋಟೋ, ತಾರೀಕು, ಊಟದ ಜಾಗ. ಹಿಂದೆ ಖಾಲಿ. ನಾನು ಪ್ರೆಸ್ಸಿಗೆ ಹೋಗಿ ಡಾಕ್ಟರ ಕಾಗದ ಕೊಟ್ಟು, ಇದನ್ನು ಇದ್ದ ಹಾಗೇ, ಅವರ ಕೈಬರಹ ಕಾಣುವ ಹಾಗೆ ಹಿಂದೆ ಹಾಕಿ ಎಂದೆ. ಪ್ರೆಸ್ಸಿನವರು ಸಾವಿನ ಕಾರ್ಡಿಗೆ ಇದೆಲ್ಲ ಶೋಭೆಯಲ್ಲ ಅಕ್ಕ ಎಂದರು. ಶೋಭೆಗೆ ಮಾಡಿಸುವುದಲ್ಲ ಎಂದೆ. ಆರುನೂರು ಕಾರ್ಡು.

ಬಸ್ಸಿನವರಿಗೆ ಕೊಟ್ಟೆ. ಹೋ‌ಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಇಟ್ಟು ಬಂದೆ. ಕಾರ್ಖಾನೆಯ ಮೇಸ್ತ್ರಿಯ ಕೈಗೆ ಕೊಟ್ಟು ಎದುರಿಗೇ ಓದಿಸಿದೆ. ಕಾಲೇಜಿನಲ್ಲಿ ಅಶ್ಮಿತಾ ಒಬ್ಬರನ್ನೂ ಬಿಡದೆ ಹಂಚಿದಳು, ತನಿಖೆ ಮಾಡಿದ ಮೂವರಿಗೂ. ಡಾಕ್ಟರ ಮನೆಗೆ ಅಂಚೆಯಲ್ಲಿ ಎರಡು ಕಳುಹಿಸಿದೆ. ಒಂದು ಅವರಿಗೆ, ಒಂದು ಅವರ ಹೆಂಡತಿಯ ಹೆಸರಿಗೆ.

ಬೊಜ್ಜದ ದಿನ ಜನ ಊಟಕ್ಕೆ ಕೂತು ಕಾರ್ಡಿನ ಹಿಂಬದಿ ಓದುತ್ತಿದ್ದರು. ಆ ದಿನ ಪಂಕ್ತಿಯಲ್ಲಿ ಕೇಳಿದ ಹೆಸರು ಇವರದ್ದಲ್ಲ, ಡಾಕ್ಟರದ್ದು.

ಎರಡು ದಿನ ಬಿಟ್ಟು ಪ್ರೇಮ್ ಡಾಕ್ಟರ್ ಫೋನು ಮಾಡಿದರು. ನಿಮ್ಮ ಸಮಾಧಾನಕ್ಕೆಂದು ಬರೆದು ಕೊಟ್ಟದ್ದನ್ನು ಊರಿಗೆಲ್ಲ ಹಂಚುವುದಾ, ಇದು ಸರಿಯಾ, ಇನ್ನಾದರೂ ನಿಲ್ಲಿಸಿ ಎಂದರು. ಸ್ವರ ಸಣ್ಣದಾಗಿತ್ತು. ನನಗೆ ಒಂದು ಚೂರೂ ಪಾಪ ಎನಿಸಲಿಲ್ಲ.

"ಇನ್ನೂ ನಲ್ವತ್ತು ಕಾರ್ಡು ಉಂಟು, ಡಾಕ್ಟ್ರೇ" ಎಂದೆ. "ನೀವು ರಿಟೈರ್ ಆಗುವ ದಿನ ಸನ್ಮಾನ ಇಡ್ತಾರಲ್ಲ, ಅದಕ್ಕೆ ಇಟ್ಟಿದ್ದೇನೆ."